ಮನೆಯವರದ್ದೊಂದು ನಂಬರ್

ಡಿಸೆಂಬರ್ 3, 2024

‘ಯಾರೂ ಅರಿಯದ ಊರಿನಲಿ ನನ್ನ ಹೆಸರು…’ ಮುಂದೆ? ‘ಹಗುರ’ ಎಂದೋ, ‘ಅನಾಥ’ ಎಂದೋ. ಬಿ.ಎ. ಕಾಲದಲ್ಲಿ ಯಾವುದೋ ಮಾಸಪತ್ರಿಕೆಯಲ್ಲಿ ಓದಿದ್ದು. ಎರಡು ದಿನದಿಂದ ನಾಲಿಗೆಯ ತುದಿಯಲ್ಲಿ ಉಂಟು, ಬರುವುದಿಲ್ಲ. ಅಲ್ಲ, ಯಾರೂ ಅರಿಯದ ಊರು ದಕ್ಷಿಣ ಕನ್ನಡದಲ್ಲಿ ಎಲ್ಲುಂಟು? ಬರೆದವರು ನಮ್ಮ ಕಡೆಯವರಲ್ಲ, ಖಂಡಿತ.

ದೋಸೆಗೆ ಅರೆದಿಟ್ಟಾಯಿತು. ತಮ್ಮ ಶಶಿಕಿರಣ ತನ್ನ ಪಂಪು-ಪೈಪಿನ ಅಂಗಡಿಗೆ ಹೋದ. ಅವನ ಹೆಂಡತಿ ರಮ್ಯಶ್ರೀ ಮಕ್ಕಳನ್ನು ಸ್ಕೂಲ್ ಬಸ್ಸಿಗೆ ಬಿಡಲು ಹೋಗಿದ್ದಾಳೆ. ನನಗೆ ಇಪ್ಪತ್ತು ನಿಮಿಷ ಸಿಕ್ಕಿತು.

ಕನ್ನಡ ಎಂ.ಎ. ಮಾರ್ಕ್ಸ್ ಕಾರ್ಡ್ ಬಂದು ಹದಿನೈದು ದಿನ. ನಲವತ್ತೆಂಟನೆಯ ವಯಸ್ಸಿನಲ್ಲಿ ಫಸ್ಟ್ ಕ್ಲಾಸ್. ಎರಡು ವರ್ಷ ವಿಟ್ಲದಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬಂದದ್ದಕ್ಕೆ. ಈಗ ಗೈಡ್ ಪುಸ್ತಕದವರ ಪ್ರೂಫ್ ನೋಡುವ ಕೆಲಸವೂ ಸಿಕ್ಕಿದೆ. ಲ್ಯಾಪ್‌ಟಾಪ್‌ನಲ್ಲೇ. “ಎಲ್ಲಿ ಕೂತಾದರೂ ಮಾಡಬಹುದು ಮೇಡಂ” ಅಂದರು. ಎಲ್ಲಿ ಕೂತಾದರೂ… ಈ ಮಾತನ್ನು ನನಗೆ ಯಾರೂ ಹೇಳಿದ್ದಿಲ್ಲ.

ಹಾಗಾಗಿ ನನಗೊಂದು ಬಾಡಿಗೆ ಮನೆ – ಬಂಟ್ವಾಳ, ಬೆಳ್ತಂಗಡಿ, ಇಲ್ಲವೇ ಮೂಡುಬಿದಿರೆ. ರಾಫಿಯಾ ನಕ್ಕಳು. ಫರಂಗಿಪೇಟೆಯಲ್ಲಿ ಬಸ್ ಹತ್ತಿ, ನನ್ನ ಪಕ್ಕವೇ ಕೂತು ಎಂ.ಎ. ಮುಗಿಸಿದ ಹುಡುಗಿ. ಇಪ್ಪತ್ತಮೂರು ವರ್ಷ. ಅವಳು ಮೈಸೂರಿಗೆ ಹೊರಟಿದ್ದಾಳೆ. “ಅಕ್ಕ, ಮ್ಯಾಪ್‌ನಲ್ಲಿ ಹೆಬ್ಬೆರಳು ಇಟ್ಟರೆ ನಿಮ್ಮ ಮೂರೂ ಊರು ಮುಚ್ಚಿಹೋಗ್ತದೆ. ಇದಕ್ಕೆ ಇಷ್ಟು ಯೋಚನೆಯಾ?”

ದೂರ ನನಗೆ ಬೇಡ. ಮೂರು ಗಂಟೆಗೆ ಯಾರೂ ಚಹಾ ಕೇಳದ ಒಂದು ಕೋಣೆ ಬೇಕು.

ನಿನ್ನೆ ಶಶಿಗೆ ಹೇಳಿದೆ. ಮಜ್ಜಿಗೆ ಹಾಕಿಸಿಕೊಳ್ಳುತ್ತಾ, “ಹೋಗು ಅಕ್ಕ. ಯಾರು ಬೇಡ ಅಂದದ್ದು?” ಅಂದ. ಇಷ್ಟು ಸುಲಭವಾ!

ಡಿಸೆಂಬರ್ 9

ಬಂಟ್ವಾಳ ಪೇಟೆ. ಹನೀಫಾ ಎಂಬವರ ಫ್ಯಾನ್ಸಿ ಅಂಗಡಿಯ ಮೇಲಿನ ಮನೆ. ಒಂದು ಕೋಣೆ, ಅಡುಗೆಗೆ ಸ್ವಲ್ಪ ಜಾಗ. ಕಿಟಕಿಯಲ್ಲಿ ನೇತ್ರಾವತಿ. ನದಿ ನೋಡುತ್ತ ನಿಂತವಳು ನಲ್ಲಿ ತಿರುಗಿಸಿ ನೋಡುವುದನ್ನೇ ಮರೆತೆ.

“ಕನ್ನಡ ಟೀಚರಾ?”

“ಟೀಚರ್ ಅಲ್ಲ.”

“ಎಂ.ಎ. ಅಂದ ಮೇಲೆ ಟೀಚರೇ. ಧೈರ್ಯದಲ್ಲಿ ಬನ್ನಿ. ನನ್ನ ಹೆಂಡತಿ ಸೈನಬ ಕೆಳಗೇ ಇರ್ತಾಳೆ, ಮಾತಾಡ್ಲಿಕ್ಕೆ ಜನ ಆಯ್ತು.” ಆಮೇಲೆ ಸ್ವಲ್ಪ ನಾಚಿಕೊಂಡು, “ಮನೆಯವರದ್ದೊಂದು ನಂಬರ್ ಕೊಡಿ. ಸುಮ್ಮನೆ. ಹೆಂಗಸರು ಒಬ್ಬರೇ ಅಲ್ವಾ…”

ಶಶಿಯ ನಂಬರ್ ಬರೆದುಕೊಟ್ಟೆ. ಎಂ.ಎ. ಅಡ್ಮಿಶನ್ ಫಾರ್ಮ್‌ನಲ್ಲಿ ಪೋಷಕರು ಎಂಬಲ್ಲಿಯೂ ಅದನ್ನೇ ಬರೆದಿದ್ದೆ, ನಲವತ್ತಾರು ವರ್ಷದವಳು. ಕೈ ತಾನಾಗಿ ಬರೆಯುತ್ತದೆ.

ಡಿಸೆಂಬರ್ 11

ಹನೀಫಾ ಫೋನ್ ಮಾಡಿದರು. ಅಳಿಯ ದುಬೈಯಿಂದ ಬರುತ್ತಾನಂತೆ, ಮನೆ ಅವನಿಗೆ ಬೇಕಂತೆ. ಬೇಜಾರು ಮಾಡಬಾರದಂತೆ. ಧ್ವನಿ ತಗ್ಗಿತ್ತು, ಆಸ್ಪತ್ರೆಯ ವಾರ್ಡಿನಲ್ಲಿ ಮಾತಾಡುವವರ ಹಾಗೆ. ಕೊನೆಗೆ, “ಆರೋಗ್ಯ ನೋಡಿಕೊಳ್ಳಿ ಟೀಚರೇ.”

ಆರೋಗ್ಯ? ನನಗೆ ಶೀತವೂ ಇಲ್ಲ.

ಡಿಸೆಂಬರ್ 17

ಬೆಳ್ತಂಗಡಿ. ಕಾಂತಿ ಅಂತ, ಟೈಲರಿಂಗ್ ಮಾಡುವವರು. ಗಂಡ ತೀರಿಹೋಗಿ ಆರು ವರ್ಷ. ಅವರ ಮನೆಗೇ ಅಂಟಿಕೊಂಡ ಎರಡು ಕೋಣೆ. ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಮಾತು. “ಒಬ್ಬರೇ ಇದ್ದರೆ ಒಳ್ಳೆಯದೇ ಆಯ್ತಲ್ಲ ಮಾರಾಯ್ರೇ. ನನಗೂ ಸಾಕಾಗಿದೆ ಫ್ಯಾಮಿಲಿಯವರ ಗಲಾಟೆ.” ಇಷ್ಟವಾದರು. ಹೊರಡುವಾಗ ಪಿನ್ನು ತೆಗೆದು – “ಹಾಂ, ಮನೆಯವರದ್ದೊಂದು ನಂಬರ್…”

ಕೊಟ್ಟೆ.

ಡಿಸೆಂಬರ್ 21

ನಾಲ್ಕು ದಿನ ಕಾಂತಿ ಫೋನ್ ಎತ್ತಲಿಲ್ಲ. ಇವತ್ತು ನಾನೇ ಹೋದೆ. ನನ್ನನ್ನು ಕಂಡು ಮೆಷಿನ್ ನಿಲ್ಲಿಸಿದರು. ಕುಡಿಯಲು ನೀರು ಕೊಟ್ಟರು, ಬೆಲ್ಲ ಕೊಟ್ಟರು, ಕಣ್ಣಿಗೆ ಕಣ್ಣು ಮಾತ್ರ ಕೊಡಲಿಲ್ಲ.

“ನಮ್ಮದು ತೆರೆದ ಬಾವಿ ಅಕ್ಕ. ಕಟ್ಟೆಯೂ ಗಿಡ್ಡ. ನನ್ನಿಂದ ಆಗುವುದಿಲ್ಲ.”

“ಏನು ಆಗುವುದಿಲ್ಲ?”

“ನಿಮ್ಮ ತಮ್ಮ ಎಲ್ಲ ಹೇಳಿದ್ರು. ಅಮ್ಮ ಹೋದ ಮೇಲೆ ನಿಮಗೆ ತಲೆ ಸರಿ ಇರಲಿಲ್ಲ ಅಂತ. ಬಾವಿಗೆ ಹಾರಲಿಕ್ಕೆ ಹೋದದ್ದು, ಮಾತ್ರೆ ತಿಂದದ್ದು… ಈಗಲೂ ಯಾವಾಗ ಬರ್ತದೆ ಹೇಳಲಿಕ್ಕಾಗುವುದಿಲ್ಲ ಅಂತ. ಎಷ್ಟು ಪ್ರೀತಿ ನಿಮ್ಮ ಮೇಲೆ! ಫೋನಿನಲ್ಲೇ ಕಣ್ಣೀರು ಹಾಕಿದ್ರು.”

“ಫೋನಿನಲ್ಲಿ ಕಣ್ಣೀರು ಹೇಗೆ ಕಂಡಿತು ನಿಮಗೆ?”

“ಕೇಳ್ತದೆ ಅಲ್ವಾ!”

ಎದ್ದೆ. ಅವರು ಹಿಂದೆಯೇ ಬಂದರು. “ಮನೆ ಇಲ್ಲದಿದ್ದರೇನು, ಬ್ಲೌಸಿನ ಅಳತೆ ಕೊಟ್ಟು ಹೋಗಿ. ಒಂದು ಹೊಲಿದು ಕೊಡ್ತೇನೆ.” ಪಾಪ, ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಯಾರ ಮನಸ್ಸಿನಲ್ಲಿಯೂ ಇಲ್ಲ – ಅದೇ ಹೆದರಿಕೆ.

ಡಿಸೆಂಬರ್ 22, ಭಾನುವಾರ

ಅಂಗಡಿಗೆ ರಜೆ. ಊಟಕ್ಕೆ ಕೂತಾಗ ಕೇಳಿದೆ. ಶಶಿ ಕೈ ತೊಳೆದು ಬಂದು, ನನ್ನೆದುರು ಕುರ್ಚಿ ಎಳೆದು ಕೂತ. ಸಿಟ್ಟಿಲ್ಲ. ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು.

“ನಾನು ಹೇಳಿದ್ದು ಸುಳ್ಳಾ ಅಕ್ಕ? ಅಮ್ಮ ಹೋಗಿ ಹನ್ನೊಂದನೇ ದಿನ ನೀನು ಬಾವಿಯ ಕಟ್ಟೆ ಮೇಲೆ ಕೂತಿದ್ದೆಯಾ ಇಲ್ಲವಾ? ಕಾಲು ಒಳಗೆ ಹಾಕಿ?”

“ಕೂತಿದ್ದೆ. ಸೆಖೆ ಇತ್ತು. ಹಾರಲಿಲ್ಲ.”

“ನಾನು ಬಂದು ಎಳೆದೆ, ಹಾಗಾಗಿ ಹಾರಲಿಲ್ಲ.”

ತಟ್ಟೆಯಲ್ಲಿದ್ದ ಅನ್ನ ಕಲಸಿದೆ. ಅವನು ಮುಂದುವರಿಸಿದ.

“ಆರು ತಿಂಗಳು ಮಾತ್ರೆ ಕೊಟ್ಟದ್ದು ಯಾರು? ನೀನು ಒಬ್ಬಳೇ ಎಲ್ಲಿಯೋ ಇರುವುದು, ನಾನು ಇಲ್ಲಿ ಫೋನ್ ಹಿಡಿದು ಕೂರುವುದು. ನೀನಿಲ್ಲದೆ ಈ ಮನೆ ನಡೆಯುವುದುಂಟಾ?”

ರಮ್ಯಶ್ರೀ ಹುಳಿಯ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದಳು. “ಅತ್ತಿಗೆ, ಅನ್ನ ಆರ್ತದೆ” ಅಂದಳು.

ಜನವರಿ 9, 2025

ಹದಿನೆಂಟು ದಿನ ಬರೆಯಲಿಲ್ಲ. ಬರೆದರೆ ಅದನ್ನೇ ಬರೆಯಬೇಕಿತ್ತು.

2011ರ ಏಪ್ರಿಲ್. ಕಟ್ಟೆಯ ಮೇಲಿನ ಒಣಗಿದ ಪಾಚಿ ನೆನಪಿದೆ. ಅಂಗಾಲಿಗೆ ತಟ್ಟುತ್ತಿದ್ದ ತಂಪು ನೆನಪಿದೆ. ಏನು ಯೋಚಿಸುತ್ತಿದ್ದೆ ಎಂಬುದು – ಇಲ್ಲ. ಅಲ್ಲೊಂದು ಖಾಲಿ. ಆ ಖಾಲಿಯಲ್ಲಿ ಶಶಿ ಹದಿಮೂರು ವರ್ಷದಿಂದ ಕುರ್ಚಿ ಹಾಕಿ ಕೂತಿದ್ದಾನೆ.

ಈಗ ಮನೆಯಲ್ಲಿ ಎಲ್ಲರೂ ನನ್ನ ಜೊತೆ ಮೆಲ್ಲ ಮಾತಾಡುತ್ತಾರೆ. ಬಟ್ಟೆ ಒಣಹಾಕಲು ಹಿತ್ತಿಲಿಗೆ ಹೋದರೆ ಮಕ್ಕಳಲ್ಲಿ ಒಬ್ಬರು ಬಂದು ನಿಲ್ಲುತ್ತಾರೆ. ಚಿಕ್ಕವಳನ್ನು ಕೇಳಿದೆ, ಯಾರು ಕಳಿಸಿದ್ದು? “ಪಪ್ಪ. ಅತ್ತೆ ಒಬ್ಬರೇ ಇದ್ದರೆ ಹೇಳು ಅಂದಿದ್ದಾರೆ.”

ಸಂಜೆ ರಾಫಿಯಾಗೆ ಎಲ್ಲ ಹೇಳಿದೆ. ಕೊನೆಯ ತನಕ ಕೇಳಿದಳು. ಆಮೇಲೆ, “ಅಕ್ಕ, ಸುಹೈಬಣ್ಣನದ್ದು ಮೂಡುಬಿದಿರೆಯಲ್ಲಿ ಮನೆ ಖಾಲಿ ಉಂಟು. ನನ್ನ ಮಾವನ ಮಗ, ಗಲ್ಫ್‌ನಲ್ಲಿ ಇರುವುದು. ಪಕ್ಕದ ಮನೆಯವರ ಹತ್ರ ಕೀ ಉಂಟು. ಯಾರ ನಂಬರೂ ಬೇಡ. ನಾನೇ ನಿಮ್ಮ ನಂಬರ್.”

ನಾನೇ ನಿಮ್ಮ ನಂಬರ್. ಈ ಹುಡುಗಿ ಕವಿತೆ ಬರೆಯಬೇಕಿತ್ತು.

ಜನವರಿ 20

ಬಂದೆ.

ಶಶಿ ಅಂಗಡಿಗೆ ಹೋದ ಮೇಲೆ ಎರಡು ಬ್ಯಾಗು, ಒಂದು ರಟ್ಟಿನ ಪೆಟ್ಟಿಗೆ ಪುಸ್ತಕ, ರಿಕ್ಷಾ. ರಮ್ಯಶ್ರೀ ಗೇಟಿನ ತನಕ ಬಂದಳು. ತಡೆಯಲಿಲ್ಲ. “ಅತ್ತಿಗೆ, ನಾಳೆ ತಿಂಡಿಗೆ ಏನು ಮಾಡುವ?” ಎಂದು ಮಾತ್ರ ಕೇಳಿದಳು. ಹದಿನಾರು ವರ್ಷದಲ್ಲಿ ಅವಳು ಆ ಪ್ರಶ್ನೆ ಕೇಳಿದ್ದು ಮೊದಲ ಸಲ.

ಬಸ್ಸಿನಿಂದ ಶಶಿಗೆ ಮೆಸೇಜ್: ಕ್ಷೇಮವಾಗಿದ್ದೇನೆ, ಹುಡುಕಬೇಡ. ಬೈಗುಳ ಬರುತ್ತದೆ ಅಂದುಕೊಂಡೆ. ಒಂದು ಹೆಬ್ಬೆರಳಿನ ಚಿತ್ರ ಬಂತು. ಅಷ್ಟೇ.

ಜನವರಿ 23

ಮೂರು ಗಂಟೆ. ಯಾರೂ ಚಹಾ ಕೇಳಲಿಲ್ಲ. ನಾನೇ ನನಗೆ ಕೇಳಿಕೊಂಡು, ಬೇಡ ಅಂದೆ.

ನಲವತ್ತು ಪುಟ ಪ್ರೂಫ್. ಹತ್ತನೇ ತರಗತಿಯ ಗೈಡಿನಲ್ಲಿ ‘ಸ್ವಾತಂತ್ರ್ಯ’ ಹನ್ನೊಂದು ಕಡೆ ತಪ್ಪು. ಎಲ್ಲ ತಿದ್ದಿದೆ. ಸಂಜೆ ಲೈಬ್ರರಿ, ಅಲ್ಲಿಂದ ಬಸದಿಯ ರಸ್ತೆಯಲ್ಲಿ ನಡೆದು ಬಂದೆ. ಯಾರೂ ತಿರುಗಿ ನೋಡಲಿಲ್ಲ. ಹಗುರ. ಆ ಪದ ‘ಹಗುರ’ವೇ ಇದ್ದಿರಬೇಕು.

ಜನವರಿ 25

ಪಕ್ಕದ ಮನೆಯ ಶೀನಪ್ಪಣ್ಣ. ಕೀ ಇಟ್ಟುಕೊಂಡಿದ್ದವರು. ಮೂವತ್ತು ವರ್ಷ ಬಸ್ ಕಂಡಕ್ಟರ್, ಈಗ ಮನೆಯಲ್ಲಿ. ಎರಡು ಪಪ್ಪಾಯ ತಂದು ಕೊಟ್ಟು, ಗೋಡೆಗೆ ಒರಗಿ ನಿಂತು ಕೇಳಿದರು, “ಇಲ್ಲ್ ಓಲು?”

ಮನೆ ಎಲ್ಲಿ – ತುಳುವಿನಲ್ಲಿ ಹಿರಿಯರೊಬ್ಬರು ಹಾಗೆ ಕೇಳಿದರೆ ಸುಳ್ಳು ಹೇಳಲು ನನಗೆ ಯಾರೂ ಕಲಿಸಲಿಲ್ಲ. ಪುತ್ತೂರು ಎನ್ನಬಹುದಿತ್ತು, ಕನ್ಯಾನ ಎನ್ನಬಹುದಿತ್ತು. “ವಿಟ್ಲ” ಅಂದೆ.

“ವಿಟ್ಲದಲ್ಲಿ ಎಲ್ಲಿ? ಆ ಲೈನಿನಲ್ಲಿ ಎಂಟು ವರ್ಷ ಟಿಕೆಟ್ ಹರಿದಿದ್ದೇನೆ ನಾನು!”

ಹೇಳಿದೆ.

“ಓ! ಪಂಪು-ಪೈಪಿನ ಅಂಗಡಿಯವರ ಅಕ್ಕನಾ?” ಎಷ್ಟು ಖುಷಿ ಅವರಿಗೆ, ಕಳೆದುಹೋದ ಲಗೇಜ್ ಸಿಕ್ಕಿದ ಹಾಗೆ.

ಫೆಬ್ರವರಿ 2

ಏನೂ ಆಗಲಿಲ್ಲ. ಎಂಟು ದಿನ ಪ್ರತಿ ಫೋನಿಗೂ ಬೆಚ್ಚಿದೆ, ಎಲ್ಲವೂ ಗೈಡಿನವರದ್ದೇ. ನನ್ನದೇ ಭಯ, ನನ್ನದೇ ಕಲ್ಪನೆ. ಹೀಗೆ ಬರೆದ ಮೇಲೆ ಓದಿ ನೋಡಿದೆ – ಡಾಕ್ಟರರ ಮುಂದೆ ಹೇಳಬಾರದ ವಾಕ್ಯ.

ಶೀನಪ್ಪಣ್ಣ ಈಗ ದಿನಾ ಬೆಳಿಗ್ಗೆ ಕಂಪೌಂಡಿನ ಆಚೆಯಿಂದ ಕೇಳುತ್ತಾರೆ. “ನಿದ್ದೆ ಬಂತಾ ಅಕ್ಕ?” ಬಂತು ಅನ್ನುತ್ತೇನೆ. “ಚೆನ್ನಾಗಿ ಬಂತಾ?” ಚೆನ್ನಾಗಿಯೇ ಬಂತು. ಆದರೂ ಹೋಗುವುದಿಲ್ಲ, ಮುಖ ನೋಡುತ್ತಾ ನಿಲ್ಲುತ್ತಾರೆ.

ಫೆಬ್ರವರಿ 6

ಲೈಬ್ರರಿಯಿಂದ ಬರುವಾಗ ಹಿತ್ತಿಲಿನಲ್ಲಿ ವೆಲ್ಡಿಂಗ್ ಶಬ್ದ. ಬಾವಿಯ ಮೇಲೆ ಕಬ್ಬಿಣದ ಜಾಲರಿ ಕೂರಿಸುತ್ತಿದ್ದರು. ಕೊಡಪಾನ ಇಳಿಸುವಷ್ಟು ಜಾಗಕ್ಕೆ ಒಂದು ಪುಟ್ಟ ಮುಚ್ಚಳ, ಅದಕ್ಕೆ ಬೀಗ. ಶೀನಪ್ಪಣ್ಣ ಪಕ್ಕದಲ್ಲಿ ನಿಂತು ಹೇಳಿ ಮಾಡಿಸುತ್ತಿದ್ದರು.

“ಸುಹೈಬ್ ಹೇಳಿದ್ದಾ?”

“ಅವರಿಗೆ ಫೋನ್ ಮಾಡಿದೆ. ಬೆಕ್ಕು ಬೀಳ್ತದೆ ಅಲ್ವಾ ಅಕ್ಕ. ನಿಮಗೆ ನೀರು ಬೇಕಾದಾಗ ಒಂದು ಕರೆ ಕೊಡಿ, ನಾನೇ ಬಂದು ಸೇದಿ ಕೊಡ್ತೇನೆ.”

ಬಂದು ಹದಿನೇಳು ದಿನ. ಈ ಬೀದಿಯಲ್ಲಿ ಒಂದು ಬೆಕ್ಕನ್ನೂ ನಾನು ಕಂಡಿಲ್ಲ.

ಫೆಬ್ರವರಿ 8, ಮಧ್ಯಾಹ್ನ

ರಾಫಿಯಾ ಮೈಸೂರಿನಿಂದ. ಎಂದಿನ ನಗು ಇಲ್ಲ.

“ಅಕ್ಕ, ನಿಮ್ಮ ತಮ್ಮ ನನಗೆ ಕಾಲ್ ಮಾಡಿದ್ರು. ಶೀನಪ್ಪಣ್ಣ ನಂಬರ್ ಕೊಟ್ಟದ್ದಂತೆ. ಬೈಲಿಲ್ಲ, ಏನಿಲ್ಲ. ಒಂದು ಗಂಟೆ ಮಾತಾಡಿದ್ರು. ಅಕ್ಕ… ನಿಮಗೆ ನಿಜವಾಗಿ ಏನೂ ಇಲ್ಲ ಅಲ್ವಾ?”

“ನೀನು ಎರಡು ವರ್ಷ ಪಕ್ಕದಲ್ಲಿ ಕೂತವಳು. ನೀನೇ ಹೇಳು.”

“ಇಲ್ಲ ಅಂತಲೇ ಹೇಳಿದೆ. ಆದರೆ ಏನಾದರೂ ಆದರೆ ಮನೆ ಕೊಡಿಸಿದ್ದು ನಾನು ಅಂತ ಆಗ್ತದೆ, ಹೌದಾ…”

ಹೌದು ಅಂದೆ. ಅವಳಿಗೆ ಇಪ್ಪತ್ತಮೂರು ವರ್ಷ. ಸಿಟ್ಟು ಮಾಡಿಕೊಳ್ಳುವುದು ಹೇಗೆ?

ಬ್ಯಾಗು ಕಟ್ಟಲು ಕೂತೆ. ಸೀರೆ ಮಡಚುತ್ತಾ ಹೊಳೆಯಿತು – ಎಲ್ಲಿಗೆ? ಇನ್ನೊಂದು ಊರಿಗೆ ಓಡಿದರೆ ಅವನು ಹೇಳಿದ್ದೇ ನಿಜವಾಗುತ್ತದೆ. ಓಡದಿದ್ದರೆ ಅವನು ಇಲ್ಲಿಗೇ ಬರುತ್ತಾನೆ. ಕೂಗಿದರೆ, ನೋಡಿ ಕೂಗಿದಳು. ಸುಮ್ಮನಿದ್ದರೆ, ನೋಡಿ ಮಾತೇ ಇಲ್ಲ. ನೆಟ್ಟಗಿರುವವಳು ಹೇಗಿರುತ್ತಾಳೆ? ನಲವತ್ತೆಂಟು ವರ್ಷ ಇದ್ದೇನೆ, ಯಾರೂ ನೋಡದಿದ್ದಾಗ ಗೊತ್ತಿತ್ತು.

ಬ್ಯಾಗು ಬಿಚ್ಚಿದೆ. ಸೀರೆಗಳನ್ನು ತಿರುಗಿ ಕಪಾಟಿನಲ್ಲಿಟ್ಟೆ.

ಫೆಬ್ರವರಿ 9, ಭಾನುವಾರ. ಬೆಳಿಗ್ಗೆ 10.40

ಗೇಟಿನ ಹೊರಗೆ ಕಾರು. ಎಂಜಿನ್ ನಿಲ್ಲಿಸಿಲ್ಲ. ಕಿಟಕಿಯಿಂದ ಕಾಣುವುದು ಹಿಂದಿನ ಅರ್ಧ ಮಾತ್ರ.

ಬರೆಯುತ್ತಿರುವುದು ಯಾಕೆಂದರೆ ಅಕ್ಷರ ನಡುಗುತ್ತಿಲ್ಲ. ಇದನ್ನು ಯಾರಿಗೂ ತೋರಿಸಲೆಂದು ಬರೆದದ್ದಲ್ಲ. ಇವತ್ತಿನ ಪುಟವನ್ನು ಮಾತ್ರ ಯಾರಾದರೂ ನೋಡಲಿ. ತಾರೀಕು ಸರಿ ಇದೆ. ಗಂಟೆ ಸರಿ ಇದೆ. ಹೆಸರು ಅನ್ನಪೂರ್ಣೇಶ್ವರಿ, ವಯಸ್ಸು ನಲವತ್ತೆಂಟು. ತಿಂಡಿಗೆ ಅವಲಕ್ಕಿ ತಿಂದೆ. ರಾತ್ರಿ ನಿದ್ದೆ ಬಂದಿತ್ತು. ನಾನು ಇಲ್ಲೇ ಇರಬೇಕು ಅಂತ ಬಂದವಳು.

10.50

ಶೀನಪ್ಪಣ್ಣ ಬಾಗಿಲಿಗೆ ಬಂದಿದ್ದರು. ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು. ಒಳಗೆ ಬನ್ನಿ ಅಂದೆ, ಬರಲಿಲ್ಲ. ಕಣ್ಣಲ್ಲಿ ನೀರಿತ್ತು, ನಿಜವಾದ ನೀರು. ಹೇಳಿದ್ದು ಇಷ್ಟು:

“ತಮ್ಮ ಬಂದಿದ್ದಾರೆ ಅಕ್ಕ. ಜೊತೆಗೆ ಆಸ್ಪತ್ರೆಯವರು ಇಬ್ಬರು ಇದ್ದಾರೆ, ಒಳ್ಳೆಯ ಜನ. ನೀವು ಹೆದರಬಾರದು ಅಂತ ನನ್ನನ್ನು ಮೊದಲು ಕಳಿಸಿದ್ರು. ಹಿಂದಿನ ಬಾಗಿಲಿಗೆ ನಾನು ಹೊರಗಿನಿಂದ ಚಿಲಕ ಹಾಕಿದ್ದೇನೆ… ಬೇಜಾರು ಮಾಡ್ಬೇಡಿ.”