ಹತ್ತು ಹೆಣ್ಣುಗರು

ಮನ್ರೋ, ನಾರ್ತ್ ಕ್ಯಾರೊಲೈನಾ
ರವಿವಾರ, ೯ ನವೆಂಬರ್ ೨೦೨೫

ನಮ್ಮ ಮನೆಯವರಿಗೆ ಶರಣು.

ನಲವತ್ತೈದು ವರ್ಷ ‘ಏನ್ರೀ’ ಎಂದೇ ಕರೆದವಳಿಗೆ ಪತ್ರದಲ್ಲಿ ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಮಾತು ಶುರು ಮಾಡಿದರೆ ನೀವು ನಡುವೆ ಬಾಯಿ ಹಾಕುತ್ತೀರಿ, ಅಷ್ಟರಲ್ಲಿ ಕೂಸು ಅಳುತ್ತದೆ, ‘ಆಮ್ಯಾಲೆ ಮಾತಾಡೂಣು’ ಎಂದು ಇಟ್ಟುಬಿಡುತ್ತೀರಿ. ಇದನ್ನು ಪೂರ್ತಿ ಓದಿ, ಆಮೇಲೆ ಬೇಕಾದರೆ ಸಿಟ್ಟು ಮಾಡಿರಿ.

ಮಗಳು ನಮ್ರತಾಳ ಬಾಣಂತನಕ್ಕೆ ಅವಳ ಊರು ಜಾನ್ಸ್ ಕ್ರೀಕ್‌ಗೆ ಹೋಗಬೇಕಾದವಳು ನಾನು. ನನ್ನ ಮೊಣಕಾಲಿನ ಆಪರೇಷನ್ ಆಗಿದ್ದರಿಂದ ನೀವು ಹೋದಿರಿ. ಸೇತುವೆ ಕಟ್ಟಿಸಿದ ಇಂಜಿನಿಯರು ಮೊಮ್ಮಗಳಿಗೆ ಎಣ್ಣೆ ನೀರು ಹಾಕುವುದನ್ನು ಮಗಳು ವಿಡಿಯೋ ಮಾಡಿ ಕಳಿಸಿದ್ದಾಳೆ. ನಾನು ಅದನ್ನು ಬ್ಯಾಲಂಟೈನ್‌ನ ಗೆಳತಿಯರಿಗೆಲ್ಲ ತೋರಿಸಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ, ಎಲ್ಲರೂ ತಮ್ಮ ಗಂಡಂದಿರನ್ನು ಬೈದು ನಿಮ್ಮನ್ನು ಹೊಗಳಿದರು.

ಇನ್ನು ಸುದ್ದಿ. ಮಂಗಳವಾರ ದನದ ಹರಾಜಿಗೆ ಹೋಗಿದ್ದೆ. ಈ ಸಲದ ಕರುಗಳನ್ನೆಲ್ಲ ಮಾರು, ತಿಂಗಳ ಕೊನೆಗೆ ಹಸುಗಳನ್ನೂ ಮಾರು, ಹೊಸ ವರ್ಷಕ್ಕೆ ಮಗಳ ಮನೆಯ ಹತ್ತಿರ ಟೌನ್‌ಹೋಮ್ ತೆಗೆದುಕೊಳ್ಳೋಣ ಎಂದು ನೀವು ಹೇಳಿದ್ದಿರಿ. ನಾನು ಹೂಂ ಎಂದಿದ್ದೆ. ಗಂಡುಗರುಗಳನ್ನು ಮಾರಿದೆ. ಹತ್ತು ಹೆಣ್ಣುಗರುಗಳನ್ನು ಮಾರಲಿಲ್ಲ. ಮನೆಗೆ ವಾಪಸು ತಂದಿದ್ದೇನೆ.

ರೇಟು ಒಳ್ಳೆಯದೇ ಬಂತು, ಪೌಂಡಿಗೆ ನಾಲ್ಕು ಡಾಲರಿಗೆ ಸ್ವಲ್ಪ ಕಡಿಮೆ. ಕೋವಿಡ್ ಬಂದ ವರ್ಷ ಇಂಥವೇ ಕರುಗಳನ್ನು ಒಂದೂಕಾಲು ಡಾಲರಿಗೆ ಕೊಟ್ಟು ಬಂದು ನೀವು ರೊಟ್ಟಿ ಮುಟ್ಟದೆ ಮಲಗಿದ್ದು ನೆನಪಿದೆಯೇ? ಅಕ್ಟೋಬರಿನ ನಡುವೆ ಹೋಗಿದ್ದರೆ ಇನ್ನೂ ಹೆಚ್ಚು ಸಿಗುತ್ತಿತ್ತು. ಹೊರದೇಶದಿಂದ ಮಾಂಸ ತರಿಸುತ್ತಾರಂತೆ ಎಂಬ ಮಾತು ಎದ್ದದ್ದೇ ತಡ, ಬೆಲೆ ಜಾರಿತು. ‘ನೋಡ್ದ್ಯಾ, ನಾ ಹೇಳಿದ್ದಿಲ್ಲೇನು’ ಎಂದು ನೀವು ಅನ್ನುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಮಗಳಂತೂ, ‘ಮಮ್ಮಿ, ಮಾರ್ಕೆಟ್ ಪೀಕ್ ಆಗ್ಯದ, ಈಗ ಎಲ್ಲಾ ಸೆಲ್ ಮಾಡಿಬಿಡು’ ಎಂದು ದಿನಾ ಮೆಸೇಜು ಹಾಕುತ್ತಾಳೆ. ಹಸುವಿನ ಬಾಲ ಹಿಡಿದು ಗೊತ್ತಿಲ್ಲ ಅವಳಿಗೆ.

ನೀವು ಕಳಿಸಿದ ದನದ ಮಾರ್ಕೆಟ್ ಔಟ್‌ಲುಕ್ ವರದಿ ಓದಿದೆ. ನೀವು ಗೆರೆ ಎಳೆದ ಕಡೆ ಮಾತ್ರವಲ್ಲ, ಪೂರ್ತಿ ಓದಿದೆ. ಬೆಲೆ ದಾಖಲೆ ಮುಟ್ಟಿದೆ ಎನ್ನುವಲ್ಲಿ ಮಾತ್ರ ನಿಮ್ಮ ಗೆರೆ ಇದೆ. ಮುಂದಿನ ಪುಟದಲ್ಲಿ ಏನಿದೆ ಗೊತ್ತೇ? ಎಪ್ಪತ್ತು ವರ್ಷಗಳಲ್ಲಿ ಈ ದೇಶದಲ್ಲಿ ದನಗಳು ಇಷ್ಟು ಕಡಿಮೆ ಇದ್ದದ್ದಿಲ್ಲ. ಹುಳದ ರೋಗದ ಭಯಕ್ಕೆ ಮೆಕ್ಸಿಕೋದ ಕರುಗಳು ಗಡಿಯಾಚೆಯೇ ನಿಂತಿವೆ. ಕೈತುಂಬ ದುಡ್ಡು ಬರುತ್ತದೆಂದು ಎಲ್ಲರೂ ಹೆಣ್ಣುಗರುಗಳನ್ನೂ ಮಾರುತ್ತಿದ್ದಾರೆ, ಹಾಗಾಗಿ ಮಂದೆ ಬೆಳೆಯುತ್ತಿಲ್ಲ, ಮಂದೆ ಬೆಳೆಯದೆ ಬೆಲೆ ಬೇಗ ಬೀಳುವುದೂ ಇಲ್ಲ. ಇವತ್ತು ಇಟ್ಟುಕೊಂಡ ಹೆಣ್ಣುಗರು ಬೆಳೆದು, ಈದು, ಅದರ ಕರು ಹರಾಜಿಗೆ ಬರಲು ಎರಡು ವರ್ಷ ಬೇಕು. ಇಟ್ಟುಕೊಂಡವರು ಕೆಡುವುದಿಲ್ಲ ಎಂದೇ ಅದರ ಅರ್ಥ.

ಹೀಗೆ ಬರೆದರೆ ಲೆಕ್ಕ ಹಾಕಿ ಇಟ್ಟುಕೊಂಡಳು ಎಂದು ನೀವು ತಿಳಿಯುತ್ತೀರಿ. ಹಾಗೆ ತಿಳಿಯಲಿ ಎಂದೇ ಬರೆದೆ. ನಿಜ ಬೇರೆ.

ಟ್ರೇಲರ್ ಓಡಿಸಿದವನು ಪಕ್ಕದ ಹೊಲದ ವೆಂಡೆಲ್. ನನಗೆ ಇನ್ನೂ ಅಷ್ಟು ದೊಡ್ಡ ಗಾಡಿ ಓಡಿಸಲು ಕಾಲು ಬಗ್ಗುವುದಿಲ್ಲ. ಗಂಡುಗರುಗಳನ್ನು ಇಳಿಸಿದ ಮೇಲೆ ಅವನು ಒಳಗಿನ ಗೇಟಿಗೆ ಕೈ ಹಾಕಿ, ಡಾಕ್ಟರೇ, ಇವನ್ನೂ ಇಳಿಸಲೇ ಎಂದು ಕೇಳಿದ. ಇಳಿಸು ಎನ್ನಲು ಹೋದೆ, ಬೇಡ ಎಂದು ಬಂತು. ಅವನು ಗೇಟು ಹಾಕಿದ. ದಾರಿಯುದ್ದಕ್ಕೂ ಹವಾಮಾನ, ಚರ್ಚು, ಟ್ರಾಕ್ಟರು ಎಂದು ಮಾತಾಡುವ ಮನುಷ್ಯ ಆ ದಿನ ತುಟಿ ಬಿಚ್ಚಲಿಲ್ಲ.

ನಾವು ಮಾಡುವ ಕೆಲಸ ಎಂಥದೆಂದು ನನಗೆ ಗೊತ್ತಿದೆ. ಮೊಟ್ಟೆ ಕೂಡ ಮುಟ್ಟದ ಮನೆ ನಮ್ಮದು. ದನ ಸಾಕಿದರೆ ಹೊಲಕ್ಕೆ ತೆರಿಗೆ ಕಡಿಮೆಯಾಗುತ್ತದೆಂದು ನಾಲ್ಕು ಹಸು ತಂದಿರಿ, ಅದು ಮಂದೆಯಾಯಿತು. ಗಂಡುಗರುಗಳನ್ನು ಸಾಗಿಸಿದ ದಿನ ನನಗೆ ಊಟ ಸೇರುವುದಿಲ್ಲ. ನೀವು ಬರುವಾಗ ಟ್ರಕ್ಕಿನ ರೇಡಿಯೋ ಜೋರು ಮಾಡುತ್ತೀರಿ. ಹದಿನಾಲ್ಕು ವರ್ಷದಲ್ಲಿ ಇಬ್ಬರೂ ಈ ಬಗ್ಗೆ ಒಂದು ಮಾತಾಡಿಲ್ಲ, ಈಗ ನಾನೇ ಆಡುತ್ತಿದ್ದೇನೆ. ದೀಪಾವಳಿಗೆ ಸಿದ್ದೇಶ್ವರಿಯವರ ಮನೆಯಲ್ಲಿ ಎಲ್ಲರೆದುರು, ‘ರೇಣುಕಾ ಆಂಟಿ, ನಿಮ್ಮನಿ ಆಕಳ ತುಪ್ಪ ಒಂದು ಬಾಟ್ಲಿ ನಮಗೂ ಕೊಡ್ರೆಲಾ’ ಎಂದು ಅವರ ಸೊಸೆ ಕೇಳಿದಳು. ನಮ್ಮವು ಹಾಲಿನ ಹಸುಗಳಲ್ಲ, ಮಾಂಸದ ತಳಿ ಎಂದು ಹೇಳಲು ನಾಲಿಗೆ ಏಳಲಿಲ್ಲ. ಅಂಗಡಿಯ ಬೆಣ್ಣೆ ಕಾಸಿ ಕಳಿಸಿದೆ. ಈಗ ಮೂರು ಮನೆಯವರು ಕೇಳುತ್ತಿದ್ದಾರೆ. ನಗಬೇಡಿ, ಇದಕ್ಕೆ ದಾರಿ ನೀವೇ ಹುಡುಕಬೇಕು.

ಇಷ್ಟೆಲ್ಲ ಇದ್ದೂ ಇವನ್ನು ಬಿಡಲು ನನಗೆ ಮನಸ್ಸಿಲ್ಲ. ಆಪರೇಷನ್ ಥಿಯೇಟರಿನಲ್ಲಿ ಮೂವತ್ತು ವರ್ಷ ಅರಿವಳಿಕೆ ಕೊಟ್ಟು ಜನರನ್ನು ಮಲಗಿಸಿದೆ. ಬೆಳಿಗ್ಗೆ ಬಕೆಟ್ ಸದ್ದಿಗೆ ಎದ್ದು ಬರುವ ಇವನ್ನು ನೋಡಿದರೆ ನನಗೆ ಸಂತೋಷವಾಗುತ್ತದೆ, ಅಷ್ಟೇ. ಮಂಜು ಇನ್ನೂ ನೆಲದ ಮೇಲಿರುತ್ತದೆ, ಹುಲ್ಲು ಅಗಿಯುವ ಸದ್ದು ಕೇಳುತ್ತದೆ, ನೀವು ಬೇಲಿಯ ಹತ್ತಿರ ಚಹಾದ ಲೋಟ ಹಿಡಿದು ಕಂಬ ಸೊಟ್ಟಗಾಗಿದೆ ಎಂದು ಗೊಣಗುತ್ತೀರಿ. ಆ ಹೊತ್ತಿನಲ್ಲಿ ನನಗೆ ಯಾವ ಕೊರತೆಯೂ ಕಂಡಿಲ್ಲ. ಜಾನ್ಸ್ ಕ್ರೀಕ್‌ನಲ್ಲಿ ಜೋಳದ ಹಿಟ್ಟಿನಿಂದ ಹಿಡಿದು ಗುಡಿಯವರೆಗೆ ಎಲ್ಲ ಸಿಗುತ್ತದೆ, ಒಪ್ಪಿದೆ. ಬೆಳಿಗ್ಗೆ ಎದ್ದು ಅಲ್ಲಿ ನಾನು ಏನು ಮಾಡಲಿ? ಕೂಸನ್ನು ನೋಡಬೇಕೆನಿಸಿದರೆ ನಾಲ್ಕು ತಾಸಿನ ದಾರಿ, ಹೋಗಿ ಬರೋಣ.

ಮಾರು ಎಂದು ನೀವು ಹೇಳಿದಾಗ ನಿಮಗೆ ಸಾಕಾಗಿದೆ ಎಂದುಕೊಂಡೆ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಹುಲ್ಲಿನ ಸುರುಳಿ ಹೊರಳಿಸುವುದೆಂದರೆ ಸುಮ್ಮನೆಯಲ್ಲ. ಅದಕ್ಕೇ ಬಾಯಿ ಮುಚ್ಚಿ ಹೂಂ ಎಂದೆ. ಈಗಲೂ ನಿಮಗೆ ಆಗುವುದಿಲ್ಲವಾದರೆ ಹಾಗೆಂದು ಬರೆಯಿರಿ. ಮುಂದಿನ ಹರಾಜಿಗೆ ಹತ್ತನ್ನೂ ಒಯ್ದು ಇಳಿಸುತ್ತೇನೆ, ಹಸುಗಳನ್ನೂ ಮಾರಿ ಗಂಟು ಕಟ್ಟಿಕೊಂಡು ಬರುತ್ತೇನೆ. ಅತ್ತರೆ ಇಲ್ಲೇ ಅತ್ತು ಬರುತ್ತೇನೆ. ನೀವಿಲ್ಲದ ಹೊಲ ನನಗೆ ಬೇಡ. ಆದರೆ ಎರಡು ವರ್ಷದ ಶಕ್ತಿ ನಿಮ್ಮಲ್ಲಿ ಇದ್ದರೆ, ನನಗೋಸ್ಕರ ಬನ್ನಿ.

ಮಗಳಿಗೂ ಕೂಸಿಗೂ ನನ್ನ ಮುತ್ತು. ಬಿ.ಪಿ. ಮಾತ್ರೆ ತಪ್ಪಿಸಬೇಡಿ.

ನಿಮ್ಮ
ರೇಣುಕಾ

ತಾ.ಕ.: ಅಂಟಿಸಿದ ಲಕೋಟೆಯನ್ನು ಹರಿದು ಬರೆಯುತ್ತಿದ್ದೇನೆ. ವೆಂಡೆಲ್ ಈಗಷ್ಟೇ ಬಂದು ಹೋದ. ಐದು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡನಂತೆ, ಇನ್ನು ಆಗಲಿಲ್ಲವಂತೆ. ಹರಾಜಿನ ಹಿಂದಿನ ದಿನ ನೀವು ಅವನಿಗೆ ಫೋನ್ ಮಾಡಿದ್ದಿರಂತೆ. ‘ಡಾಕ್ಟರಿಗೆ ಮೊಣಕಾಲು ಬಾಧೆ, ಬಾಯಿಬಿಟ್ಟು ಹೇಳುವವಳಲ್ಲ, ಅವಳ ಮೇಲಿನ ಭಾರ ಇಳಿಯಲಿ ಎಂದು ಮಾರು ಅಂದಿದ್ದೇನೆ, ಹೆಣ್ಣುಗರುಗಳು ಹರಾಜಿಗೆ ಬಂದರೆ ನನ್ನ ಪರವಾಗಿ ನೀನೇ ಸವಾಲು ಕೂಗಿ ಕೊಂಡು ನಿನ್ನ ಹೊಲದಲ್ಲಿ ಬಿಟ್ಟುಕೋ, ಅವಳಿಗೆ ತಿಳಿಸಬೇಡ’ ಎಂದಿರಂತೆ. ಎಲ್ಲಿಯವರೆಗೆ ಕೂಗಲಿ ಎಂದು ಅವನು ಕೇಳಿದನಂತೆ. ಪೌಂಡಿಗೆ ಒಂದು ಸೆಂಟ್ ಇಳಿದರೆ ನಿದ್ದೆಗೆಡುವ ನೀವು, ಬೆಲೆ ಎಷ್ಟಕ್ಕೇ ಹೋಗಲಿ, ಕೈ ಬಿಡಬೇಡ ಎಂದಿರಂತೆ.