ಸುಮ್ಮನಿರುವುದಕ್ಕೆ ಎಷ್ಟು ಹೆಸರು

ವಳಸಂಗ, ಭಾನುವಾರ

ಅವ್ವಾ,

ನಿನ್ನ ಮೊಮ್ಮಗಳು ಸೃಷ್ಟಿಗೆ ಶಾಲೆಯಲ್ಲಿ ‘ಇನ್‌ಆ್ಯಕ್ಟಿವಿಟಿ’ ಎಂಬ ಇಂಗ್ಲಿಷ್ ಪದದ ಅರ್ಥಗಳನ್ನು ಕೇಳಿದ್ದರು. ವಿಶ್ರಾಂತಿ, ಬಿಡುವು, ಜಡತ್ವ, ಆಲಸ್ಯ ಎಂದು ಹೇಳಿಕೊಟ್ಟೆ. “ಪಪ್ಪಾ ಕಟ್ಟಿ ಮ್ಯಾಲ ಕುಂತ್ರ ವಿಶ್ರಾಂತಿ, ನೀ ಜ್ವರ ಬಂದು ಮಲಗಿದ್ರ ಆಲಸ್ಯ. ಅಜ್ಜಿ ಹಂಗ ಅಂತಾಳಲ್ಲ,” ಎಂದಳು. ಅತ್ತೆಯ ಮಾತು ನಿಜವಿರಬಹುದೇನೋ ಎಂದು ನನಗೂ ಅನಿಸಿತು.

ಜ್ವರ ಇಳಿದಿದೆ, ದಣಿವು ಇಳಿದಿಲ್ಲ. ಬುಧವಾರ ಉಟಗಿಗೆ ಬರುತ್ತೇನೆ. ನಾಲ್ಕು ದಿನ ಸುಮ್ಮನೆ ಮಲಗುತ್ತೇನೆ, ಎಬ್ಬಿಸಬೇಡ. ಕಾಳು ಹಸನು ಮಾಡುವುದನ್ನು ಬಿಟ್ಟು ನೀನೂ ಪಕ್ಕದಲ್ಲಿ ಕೂತುಕೋ.

ನನಗೆ ದಣಿವಾಗಿದೆ ಎಂದರೆ ಇಲ್ಲಿ ಕಳಿಸುತ್ತಿರಲಿಲ್ಲ. ನಿನಗೆ ಆರಾಮಿಲ್ಲ, ನೋಡಿಕೊಳ್ಳಬೇಕು ಎಂದೆ, ತಕ್ಷಣ ಒಪ್ಪಿದರು. ಅತ್ತೆ ಫೋನ್ ಮಾಡಿದರೆ ಸ್ವಲ್ಪ ಕೆಮ್ಮು.

ನಿನ್ನ ಮಗಳು,
ಸುಮನ