ಅತ್ತೆಯ ಮೂಗು

ನೀರಿನ ಪರೀಕ್ಷಾ ಕೊಠಡಿ,
ಮಂಗಳವಾರ, ಜೂನ್ ೧೨

ಪ್ರೀತಿಯ ಅತ್ತೆಗೆ,

ನಿಮ್ಮ ಮೊಣಕಾಲು ಈಗ ಹೇಗಿದೆ? ಮಗಳ ಮನೆಯಲ್ಲಿ ಮೂರು ತಿಂಗಳು ಕೂತು ಉಂಡು ದುಂಡಗಾಗಿದ್ದೀರಂತೆ, ಅತ್ತಿಗೆ ಚಾಡಿ ಹೇಳಿದರು. ಆಗಲಿ ಬಿಡಿ, ಮೂವತ್ತು ವರ್ಷ ಊರಿನ ನೀರು ಮೂಸಿದವರಿಗೆ ಅಷ್ಟಾದರೂ ಸುಖ ಬೇಡವೇ? ಇಲ್ಲಿ ನಿಮ್ಮ ಮಗ, ಪುಟ್ಟಿ ಎಲ್ಲರೂ ಚೆನ್ನಾಗಿದ್ದಾರೆ ಎಂದು ಬರೆಯಲು ಕೂತೆ, ಪೆನ್ನು ಮುಂದೆ ಹೋಗುತ್ತಿಲ್ಲ.

ನಿಮ್ಮ ರಜೆ ಮುಗಿಯುವವರೆಗೆ ನಿಮ್ಮ ಕುರ್ಚಿಯಲ್ಲಿ ನಾನೇ ಕೂರುತ್ತಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಕೆರೆಯ ನೀರನ್ನು ಸೀಸೆಯಲ್ಲಿ ಬೆಚ್ಚಗೆ ಮಾಡಿ, ಕುಲುಕಿ, ಬಿರಡೆ ತೆಗೆದು ನಾನೂ ಇಲ್ಲಿನ ಇನ್ನಿಬ್ಬರು ಪರೀಕ್ಷಕರೂ, ಮೂವರೂ ಸರದಿಯಂತೆ ಮೂಸುತ್ತೇವೆ, ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತೇವೆ. ನೀವು ಕಲಿಸಿದಂತೆ ಈರುಳ್ಳಿ ಮುಟ್ಟದೆ, ಸೋಪು ಹಚ್ಚದೆ ಬರುತ್ತೇನೆ. ನೀರಿನ ಕೊಳೆ ಅಳೆಯುವ ಯಂತ್ರ ಕೆಟ್ಟು ಕೂತಿರುವುದರಿಂದ ಈಗ ಮೂಗೇ ಗತಿ.

ಕಳೆದ ತಿಂಗಳ ಮಳೆಗೆ ದೊಡ್ಡ ಚರಂಡಿಯ ಒಡ್ಡು ಒಡೆದು ಕೊಳಚೆ ಕೆರೆಗೆ ನುಗ್ಗಿತು. ಮರುದಿನ ಬಿರಡೆ ತೆಗೆದೊಡನೆ ಚರಂಡಿಯ ಗಬ್ಬು ವಾಸನೆ ಮೂಗಿಗೆ ರಾಚಿತು. ಹಾಗೇ ಬರೆದೆ. ಇಂಜಿನಿಯರ್ ಸಾಹೇಬರು "ನಾಲ್ಕು ದಿನ ನೋಡೋಣಮ್ಮ, ತಾನಾಗೇ ತಿಳಿಯಾಗುತ್ತೆ" ಅಂದರು. ಅವರು ಹೇಳಿದಂತೆ ವಾಸನೆ ದಿನದಿನಕ್ಕೆ ಇಳಿಯಿತು, ಎಂಟನೆಯ ದಿನಕ್ಕೆ ಏನೂ ಇರಲಿಲ್ಲ. ಅಂದಿನಿಂದ ಮೂವರೂ 'ವಾಸನೆ ಇಲ್ಲ' ಎಂದೇ ಬರೆಯುತ್ತಿದ್ದೇವೆ. ಒಡ್ಡನ್ನು ಮಾತ್ರ ಇನ್ನೂ ಯಾರೂ ಕಟ್ಟಿಲ್ಲ. ಆ ವಾರ ಪುಟ್ಟಿ "ಗಬ್ಬು ನೀರು" ಎಂದು ಲೋಟ ತಳ್ಳುತ್ತಿದ್ದಳು. ನೀರು ಪರೀಕ್ಷೆ ಮಾಡುವವಳ ಮಗಳೇ ಹೀಗಂದರೆ ಹೇಗೆ ಎಂದು ಗದರಿಸಿ ಕುಡಿಸಿದೆ. ಈಗ ತುಟಿ ಪಿಟಕ್ಕೆನ್ನದೆ ಕುಡಿಯುತ್ತಾಳೆ.

ನಿನ್ನೆ ಯಂತ್ರ ನೋಡಲು ಬೇರೆ ಊರಿನ ಮೆಕ್ಯಾನಿಕ್ ಬಂದಿದ್ದ. ಗೇಟಿನಲ್ಲಿ ಇಳಿದವನೇ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು "ಇಲ್ಲಿ ಹೇಗ್ರೀ ಕೂತಿರ್ತೀರಿ?" ಅಂದ. ಭಾರಿ ನಾಜೂಕಿನ ಮನುಷ್ಯ ಎಂದು ಮೂವರೂ ನಕ್ಕೆವು. ಬಿಡಿಭಾಗ ಸಿಗದೆ ಸಂಜೆ ಅವನು ಹೊರಟಾಗ ಕರವಸ್ತ್ರ ಜೇಬಿನಲ್ಲಿತ್ತು. ವಾಸನೆ ಹೋಯಿತೇ ಎಂದು ಕೇಳಿದೆ. "ಯಾವ ವಾಸನೆ?" ಅಂದ. ಅತ್ತೆ, ವಾಸನೆ ಹೋಗಿರಲಿಲ್ಲ, ಒಂದೇ ದಿನದಲ್ಲಿ ಅವನ ಮೂಗೂ ನಮ್ಮ ಮೂಗಿನಂತೆ ಅದಕ್ಕೆ ಒಗ್ಗಿಹೋಗಿತ್ತು.

ಬರುವ ಸೋಮವಾರ ನಮ್ಮ ಸಹಿಗಳನ್ನು ನಂಬಿ ಎರಡನೆಯ ಪಂಪು ಶುರು ಮಾಡುತ್ತಾರೆ. ಈಗ ಅರ್ಧ ಊರಿಗೆ ಹೋಗುತ್ತಿರುವ ನೀರು ಆಗ ಶಾಲೆಗೂ ಹೆರಿಗೆ ಆಸ್ಪತ್ರೆಗೂ ಹೋಗುತ್ತದೆ. ಬೇಡ ಎಂದು ಸಾಹೇಬರಲ್ಲಿ ಬೇಡಿಕೊಂಡೆ. "ಮೂರು ವಾರದಿಂದ ಇಲ್ಲ ಅಂತ ಬರೆದವರು ನೀವೇ ಅಲ್ವೇನಮ್ಮ?" ಅಂದರು. ನಾಚಿಕೆಯಿಂದ ತಲೆ ತಗ್ಗಿಸಿ ಬಂದೆ.

ಅತ್ತಿಗೆಗೂ ಮಕ್ಕಳಿಗೂ ನನ್ನ ನೆನಪು ತಿಳಿಸಿ. ಮಾತ್ರೆ ತಪ್ಪಿಸಬೇಡಿ, ಕೋಲು ಹಿಡಿಯಲು ನಾಚಬೇಡಿ.

ನಿಮ್ಮ ಮುದ್ದಿನ, ಬೈಸಿಕೊಳ್ಳಬೇಕಾದ ಸೊಸೆ

ಮತ್ತೆ: ಈ ಪತ್ರದ ಜೊತೆಗೆ ಕಳಿಸಿರುವ ಪಾರ್ಸೆಲ್ಲಿನಲ್ಲಿ ಪುಟ್ಟಿಯ ಹಳದಿ ಫ್ರಾಕ್ ಇದೆ. ನಮ್ಮ ನಲ್ಲಿಯ ನೀರಿನಲ್ಲಿ ಸೋಪಿಲ್ಲದೆ ಜಾಲಿಸಿ ಒಣಗಿಸಿದ್ದು. ನಾನು ಹತ್ತು ಸಲ ಮೂಸಿದೆ, ಬಿಸಿಲಿನ ವಾಸನೆ ಬಿಟ್ಟರೆ ಏನೂ ಇಲ್ಲ. ಫೋನಿನಲ್ಲಿ ವಾಸನೆ ಕಳಿಸುವಂತಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಮೂಸಿ ನೋಡಿ. ನಿಮಗೆ ಏನಾದರೂ ಅನಿಸಿದರೆ ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಬಂದುಬಿಡಿ. ಮನೆಗೆ ಹೋಗಬೇಡಿ, ಒಂದು ದಿನ ಮೊದಲೂ ಬರಬೇಡಿ. ನೇರವಾಗಿ ಇಲ್ಲಿಗೆ ಬಂದು, ಬಿರಡೆ ತೆಗೆದು, ನಿಮ್ಮ ಕೈಯಾರೆ ಪುಸ್ತಕದಲ್ಲಿ ಬರೆಯಿರಿ. ಸಂಜೆಯವರೆಗೆ ತಡೆದರೆ ನೀವೂ 'ಇಲ್ಲ' ಎಂದೇ ಬರೆಯುತ್ತೀರಿ.